ಕೆಂಚಿಯ ಹೊಟ್ಟೆಯ ಕಿಡಿ

ಭೂಮಿಯ ಮಣ್ಣು ಇನ್ನೂ ಆರದೆ ಹಸಿಯಾಗಿದ್ದ ಕಾಲ ಅದು. ಆಗ ಕೋಳಿಗಳು ಕಾವು ಕೂರುತ್ತಿರಲಿಲ್ಲ. ಮರಳಿನಲ್ಲಿ ಮೊಟ್ಟೆಯಿಟ್ಟು ಹುಳ ಕೆದಕಲು ಹೋಗಿಬಿಡುತ್ತಿದ್ದವು. ಮೊಟ್ಟೆಗೆ ಕಾವು ಕೊಡುವುದು ಸೂರ್ಯನ ಕೆಲಸ.

ಸಾಕವ್ವ ಎಂಬ ಹೆಂಗಸಿನ ಹಿತ್ತಲಲ್ಲಿ ಕೆಂಚಿ ಎಂಬ ಕೋಳಿಯಿತ್ತು. ಸಾಕವ್ವನಿಗೆ ಬೇರೆ ಯಾರೂ ಇರಲಿಲ್ಲ. ಅವಳ ಮಾತೆಲ್ಲ ಕೆಂಚಿಯ ಜೊತೆಗೇ.

ಒಂದು ಸಲ ಮೋಡ ಬಂದು ಕೂತಿತು. ಕೂತದ್ದು ಎಷ್ಟೋ ದಿನ ಏಳಲೇ ಇಲ್ಲ. ಮೊಟ್ಟೆಗಳು ತಣ್ಣಗಾದವು.

“ಸೂರ್ಯಪ್ಪ, ಮೊಟ್ಟೆಗೆ ಕಾವು ಬೇಕು,” ಎಂದಳು ಸಾಕವ್ವ.

“ಮೋಡ ಸರಿಯಲಿ ತಾಯಿ. ಅಲ್ಲಿತನಕ ನನ್ನ ಕೈ ನೆಲಕ್ಕೆ ಎಟುಕದು.”

“ಗಾಳಿಯಣ್ಣ, ಮೋಡವನ್ನು ಒಂಚೂರು ತಳ್ಳು.”

“ತಳ್ಳಿ ನೋಡಿದೆ. ಕದಲುತ್ತಿಲ್ಲ.”

ಸಾಕವ್ವ ಒಲೆಯ ಮುಂದೆ ಕೂತು ಬೆಂಕಿಯನ್ನು ಕೇಳಿದಳು. ಬೆಂಕಿ ಹೇಳಿತು: “ನಾನು ಹತ್ತಿರ ಬಂದರೆ ಮೊಟ್ಟೆ ಬೆಂದುಹೋಗುತ್ತದೆ. ಕೆಂಚಿಯ ಹೊಟ್ಟೆಯಲ್ಲಿ ಒಂದು ಕಿಡಿ ಇಡುತ್ತೇನೆ. ಅವಳು ಮೊಟ್ಟೆಯ ಮೇಲೆ ಕೂರಲಿ. ಆದರೆ ಕಿಡಿ ಇಡುವುದು ನನಗೆ ಗೊತ್ತು, ಆರಿಸುವುದು ಗೊತ್ತಿಲ್ಲ.”

ಸಾಕವ್ವ ಕೆಂಚಿಯ ಮುಖ ನೋಡಿದಳು.

“ಇಡಲಿ ಬಿಡವ್ವ,” ಎಂದಿತು ಕೆಂಚಿ.

ಸಾಕವ್ವ ಬುಟ್ಟಿಗೆ ಹುಲ್ಲು ಹಾಸಿ ಮೊಟ್ಟೆಗಳನ್ನು ಇಟ್ಟಳು. ಕೆಂಚಿ ಕೂತಿತು. ಮರಿಗಳು ಬಂದವು. ಕೆಂಚಿ ಮರಿಗಳ ಹಿಂದೆ ಓಡಾಡಿದಂತೆಲ್ಲ ಕಿಡಿ ತಾನಾಗಿ ತಣಿಯಿತು.

ಮುಂದಿನ ವರ್ಷ ಕಿಡಿ ಮತ್ತೆ ಎದ್ದಿತು. ಆಗ ಬುಟ್ಟಿಯಲ್ಲಿ ಮೊಟ್ಟೆಯೇ ಇರಲಿಲ್ಲ, ಮುಂಗುಸಿ ತಿಂದುಹೋಗಿತ್ತು. ಆದರೂ ಕೆಂಚಿ ಬರಿ ಹುಲ್ಲಿನ ಮೇಲೆ ಕೂತಿತು. ರಾಗಿ ಚೆಲ್ಲಿದರೆ ತಿನ್ನಲಿಲ್ಲ. ಕೈ ಚಾಚಿದರೆ ಗರಿ ಕೆದರಿ ಕುಕ್ಕಿತು. ಎದೆಯ ಪುಕ್ಕ ಉದುರಿತು, ಜುಟ್ಟು ಬಿಳಿಚಿಕೊಂಡಿತು.

“ಏಳೇ ಕೆಂಚಿ, ಕೆಳಗೆ ಏನೂ ಇಲ್ಲ.”

“ಬೆಚ್ಚಗಿದೆಯಲ್ಲವ್ವ. ಇದ್ದೇ ಇರ್ತವೆ.”

ಸಾಕವ್ವ ಅದನ್ನು ಎತ್ತಿಕೊಂಡಳು. ಕೈಗೆ ಬರಿ ಮೂಳೆ ಸಿಕ್ಕಿತು. ಅವಳು ನೇರ ಹೊಳೆಗೆ ನಡೆದಳು.

“ಹೊಳೆಯಮ್ಮ, ಇವಳು ನನ್ನ ಕಣ್ಣೆದುರೇ ಸಾಯ್ತಾಳೆ.”

“ಹೊಟ್ಟೆಯನ್ನಷ್ಟೇ ನನ್ನ ನೀರಿಗೆ ತಾಗಿಸು,” ಎಂದಿತು ಹೊಳೆ. “ಬೈತಾಳೆ. ನೀನು ಹಿಡಿತ ಬಿಡಬೇಡ.”

ಕೆಂಚಿ ಬೈದಿತು. ರಕ್ತ ಬರುವ ಹಾಗೆ ಕುಕ್ಕಿತು. ಸಾಕವ್ವ ಬಿಡಲಿಲ್ಲ. ನೀರು ಚುಯ್ ಎಂದಿತು, ಆಮೇಲೆ ಸುಮ್ಮನಾಯಿತು. ಕೆಂಚಿಯೂ ಸುಮ್ಮನಾಯಿತು.

“ಅವ್ವ, ಮೊಟ್ಟೆ ಇರಲೇ ಇಲ್ವಾ?”

“ಇರಲಿಲ್ಲ ಮಗ.”

ಕೆಂಚಿ ಬಿಸಿಲಲ್ಲಿ ನಿಂತು ಮೈ ಒದರಿತು. ಆಮೇಲೆ ಬಗ್ಗಿ ಒಂದು ಕಾಳು ಹೆಕ್ಕಿತು.

ಆ ಕಿಡಿ ಕೆಂಚಿಯ ಮರಿಗಳಿಗೂ, ಮರಿಗಳ ಮರಿಗಳಿಗೂ ಬಂತು. ಅದಕ್ಕೇ ಇವತ್ತಿಗೂ ಕೋಳಿ ಬರಿ ಬುಟ್ಟಿಯಲ್ಲಿ ಗರಿ ಕೆದರಿಕೊಂಡು ಕೂರುವುದು. ಅದಕ್ಕೇ ಮನೆಮನೆಯ ಅಜ್ಜಿಯರು ಅದು ಎಷ್ಟು ಬೈದರೂ ಬಿಡದೆ ಅದರ ಹೊಟ್ಟೆಯನ್ನು ತಣ್ಣೀರಿಗೆ ತಾಗಿಸುವುದು.