ಚುಕ್ಕಾಣಿಯ ಕೀಲು

“ಗುರುಗಳೇ, ಅನ್ಯಾಯಕ್ಕೊಳಗಾದವನು ಸುಮ್ಮನಿರಬೇಕೆ?” ಎಂದು ನಿರ್ವಾಣಯ್ಯ ಕೇಳಿದ. ಅವನು ವರ್ಷಗಟ್ಟಲೆ ಕೂತು ಬರೆದ ವ್ಯಾಖ್ಯಾನವನ್ನು ಜೊತೆಯ ಶಿಷ್ಯನೊಬ್ಬ ತನ್ನದೆಂದು ಸಭೆಯಲ್ಲಿ ಓದಿ ಶಾಲು ಹೊದಿಸಿಕೊಂಡಿದ್ದ. ಅಂದಿನಿಂದ ನಿರ್ವಾಣಯ್ಯ ಪಾಠಕ್ಕೆ ಕೂತಿರಲಿಲ್ಲ. ಸಾಕ್ಷಿ ಹುಡುಕುತ್ತ ಮಠದಿಂದ ಮಠಕ್ಕೆ ಅಲೆಯುತ್ತಿದ್ದ.

ಗುರುಗಳು ಅವನನ್ನು ಕೂರಿಸಿಕೊಂಡು ಕತೆ ತೆಗೆದರು.

ಕಡಲ ದಂಡೆಯಲ್ಲಿ ಒಬ್ಬ ದೋಣಿಯವನಿದ್ದ. ಅವನಿಗೊಂದು ಹಳೆಯ ಹಾಯಿದೋಣಿ. ಮನೆಯವರ ಅನ್ನ ಅದರಿಂದಲೇ. ಮಳೆಗಾಲಕ್ಕೆ ಅದನ್ನು ದಡಕ್ಕೆಳೆದು ಚಪ್ಪರದಡಿ ನಿಲ್ಲಿಸಿ, ಈ ಸಲ ಪೂರ್ತಿ ದುರಸ್ತಿ ಮಾಡಿಯೇ ತೀರುತ್ತೇನೆಂದು ಹೊರಟ. ಅಚ್ಚುಕಟ್ಟಿನ ಮನುಷ್ಯ. ಬಿಚ್ಚಿದ ಕಬ್ಬಿಣವನ್ನು ಸಿಕ್ಕಲ್ಲಿ ಎಸೆಯುವವನಲ್ಲ. ಹಾಯಿಮರದ ಬಳೆಗಳಿಗೆ ಒಂದು ಗಂಟು, ರಾಟೆ ಕೊಂಡಿಗಳಿಗೆ ಇನ್ನೊಂದು, ಚುಕ್ಕಾಣಿಯವು ಬೇರೆ. ಯಾವುದನ್ನು ಮೊದಲು ಕೂಡಿಸಬೇಕು, ಯಾವುದನ್ನು ಆಮೇಲೆ ಎಂಬುದೂ ತಲೆಯಲ್ಲಿ ಸಿದ್ಧವಾಗಿತ್ತು.

ಆ ದಂಡೆಯಲ್ಲೊಂದು ರೂಢಿ. ತುಕ್ಕು ಹಿಡಿಯದಿರಲೆಂದು ಎಲ್ಲ ದೋಣಿಗಳ ಕಬ್ಬಿಣವನ್ನೂ ಒಂದೇ ಕೊಪ್ಪರಿಗೆಯ ಮೀನೆಣ್ಣೆಯಲ್ಲಿ ಅದ್ದುತ್ತಾರೆ. ಆಮೇಲೆ ಅವರವರದನ್ನು ಅವರವರು ಆರಿಸಿಕೊಳ್ಳುತ್ತಾರೆ. ಇವನು ತನ್ನದನ್ನು ಚಾಪೆಯ ಮೇಲೆ ಹರಡಿ ನೋಡಿದರೆ ಚುಕ್ಕಾಣಿಯನ್ನು ದೋಣಿಗೆ ಸಿಕ್ಕಿಸುವ ಕೀಲು ಇಲ್ಲ. ಅದು ನೆರೆಯವನ ರಾಶಿಯಲ್ಲಿತ್ತು. ಕೇಳಿದ್ದಕ್ಕೆ ಆ ಭಂಡ, ಕಬ್ಬಿಣದ ಮೇಲೆ ನಿನ್ನ ಹೆಸರಿದೆಯೇನು ಎಂದು ನಕ್ಕುಬಿಟ್ಟ.

ದೋಣಿಯವನಿಗೆ ಮೈಯೆಲ್ಲ ಉರಿಯಿತು. ಉರಿಯದೆ ಇರುತ್ತದೆಯೇ? ಕಣ್ಣೆದುರಿಗೇ ಕದ್ದು ಮೇಲೆ ಹಲ್ಲುಕಿರಿದರೆ ಯಾರು ತಾನೇ ತಡೆದುಕೊಂಡಾರು? ಅವನು ದಂಡೆಯ ಹಿರಿಯರ ಮನೆಮನೆಗೂ ಹೋದ. ಕಳೆದ ಕೀಲೂ ತನ್ನ ಉಳಿದ ಕಬ್ಬಿಣವೂ ಒಂದೇ ಕಮ್ಮಾರನ ಕೈಯವು ಎಂದು ತೋರಿಸಲು ಗಂಟುಗಳನ್ನೆಲ್ಲ ಹೊತ್ತುಕೊಂಡು ಹೋಗಿ ಅಲ್ಲಲ್ಲಿ ಬಿಚ್ಚಿ ಹರಡಿದ. ಬಳೆಗಳು ಕೊಂಡಿಗಳೊಡನೆ ಬೆರೆತುಹೋದವು. ಕೆಲವು ಯಾರದೋ ಜಗುಲಿಯಲ್ಲೇ ಉಳಿದವು.

ಕಮ್ಮಾರನಿಗೆ ಕನಿಕರವಾಯಿತು. “ಬಿಡು ಮಾರಾಯ, ಸಂಜೆಯೊಳಗೆ ಬೇರೆ ಕೀಲು ಬಡಿದು ಕೊಡ್ತೇನೆ,” ಎಂದ.

“ಬೇರೆ ಕೀಲು ಯಾರಿಗೆ ಬೇಕು? ನನ್ನದನ್ನೇ ಅವನು ನಾಲ್ಕು ಜನರ ಮುಂದೆ ತಂದುಕೊಡಬೇಕು,” ಎಂದು ದೋಣಿಯವನು ಹೊರಟೇಹೋದ.

ಮಳೆ ನಿಂತು ಬಿಸಿಲು ಬಿತ್ತು. ಉಳಿದವರು ಹಲಗೆಗಳ ಸಂದು ತುಂಬಿ, ಎಣ್ಣೆ ಬಳಿದು ದೋಣಿಗಳನ್ನು ನೀರಿಗಿಳಿಸಿದರು. ನೆರೆಯವನೂ ಇಳಿಸಿದ. ಇವನ ದೋಣಿ ಎಣ್ಣೆ ಕಾಣದೆ ಒಣಗಿ ಹಲಗೆ ಹಲಗೆಯೂ ಬಾಯಿಬಿಟ್ಟಿತು. ಮೊದಲು ದೋಣಿ ನೋಡಿ ಎಂದು ಹೆಂಡತಿ ಅತ್ತು ಹೇಳಿದಳು. ನ್ಯಾಯ ತೀರಲಿ, ಆಮೇಲೆ ನೋಡೋಣ ಎಂದು ಅವಳ ಮೇಲೂ ಹರಿಹಾಯ್ದ.

ಅಂತೂ ಹಿರಿಯರು ಕೂತರು. ಕೀಲು ಇವನದೇ ಎಂದು ತೀರ್ಪಾಯಿತು. ನೆರೆಯವನು ತಲೆ ತಗ್ಗಿಸಿ ಎಲ್ಲರೆದುರು ಅದನ್ನು ತಂದು ಇವನ ಕೈಗಿಟ್ಟು ತಪ್ಪಾಯಿತೆಂದ. ಅಷ್ಟು ಹೊತ್ತಿಗೆ ದೋಣಿ ಒಲೆಗಲ್ಲದೆ ಬೇರೆ ಯಾವುದಕ್ಕೂ ಬರುವಂತಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ನಿರ್ವಾಣಯ್ಯ ಬಿಡಲಿಲ್ಲ.

“ಆದರೂ ಗುರುಗಳೇ, ಅವನಿಗೆ ನ್ಯಾಯ ಸಿಕ್ಕಿತಲ್ಲ?”

“ಸಿಕ್ಕಿತು, ಈಗ ಆ ಕೀಲನ್ನೇ ಬಾಗಿಲಿಗೆ ಅಗುಳಿ ಮಾಡಿಕೊಂಡು ಒಳಗೆ ಕೂತಿದ್ದಾನೆ.”