ನೊಣ ಮೆಚ್ಚಿದ ಬಾಟಲಿ

ಮದುವೆ ಮೆರವಣಿಗೆಯ ಕುದುರೆಯೊಂದರ ಬಾಲಕ್ಕೆ ಮಲ್ಲಿಗೆ ದಂಡೆ ಬಿಗಿದಿದ್ದರು. ಬಾಲ ಬೀಸಲಾಗದೆ, ಬೇಸಿಗೆಯ ನೊಣಗಳ ಕಾಟಕ್ಕೆ ಕುಣಿದು, ಅದು ಮದುಮಗನನ್ನೇ ಕೆಡವಿತು. ಇನ್ನೊಮ್ಮೆ ಹೀಗಾದರೆ ತನ್ನನ್ನು ಯಾರೂ ಕರೆಯುವುದಿಲ್ಲವೆಂದು ಹೆದರಿ, ಮರುದಿನ ನೊಣ ಓಡಿಸುವ ಮದ್ದಿಗಾಗಿ ಔಷಧದ ಅಂಗಡಿಗೆ ಹೋಯಿತು.

"ನಾನು ಗುಲಾಬಿ ಸ್ಪ್ರೇ. ಹೊಡೆದುಕೊಂಡರೆ ಮೈಯೆಲ್ಲ ಘಮಘಮ!" ಎಂದಿತು ಬಣ್ಣದ ಬಾಟಲಿ.

"ನಾನು ಬೇವಿನೆಣ್ಣೆಯ ಸ್ಪ್ರೇ. ನಾರುತ್ತೇನೆ," ಎಂದಿತು ಪಕ್ಕದ್ದು.

ಕುದುರೆ ಗುಲಾಬಿಯತ್ತ ಮೂತಿ ಚಾಚಿತು. ಅದರ ಬೆನ್ನ ಮೇಲೆ ಕೂತಿದ್ದ ನೊಣ, "ಅದನ್ನೇ ತಗೊಳ್ಳಿ ಸ್ವಾಮಿ, ನಮ್ಮ ಮನೆಮಂದಿಗೆಲ್ಲ ಅದೇ ಇಷ್ಟ!" ಎಂದಿತು.

ಕುದುರೆ ಥಟ್ಟನೆ ಬೇವಿನ ಬಾಟಲಿಯತ್ತ ತಿರುಗಿತು.

"ಅಯ್ಯೋ, ಅದನ್ನು ಹೊಡೆದುಕೊಂಡರೆ ನಮ್ಮವರು ಯಾರೂ ಹತ್ತಿರ ಸುಳಿಯೋದಿಲ್ಲ!" ಎಂದು ನೊಣ ಬೆಚ್ಚಿತು.

"ನನಗೆ ಬೇಕಾದದ್ದೂ ಅದೇ. ಮೊದಲು ನೀನು ಇಳಿ," ಎಂದಿತು ಕುದುರೆ.