ಹತ್ತೇ ನಿಮಿಷ

ತಾಲ್ಲೂಕು ಆಸ್ಪತ್ರೆಗೆ ರೋಗಿಗಳು ಎಂಟಕ್ಕೇ ಬರುತ್ತಿದ್ದರು. ದೊಡ್ಡ ಡಾಕ್ಟರು ಪರಮಶಿವಯ್ಯ ಬರುತ್ತಿದ್ದುದು ಹನ್ನೊಂದಕ್ಕೆ. ಒಂದು ದಿನ ಜಿಲ್ಲೆಯಿಂದ ಫಾರಂ ಬಂತು: ರೋಗಿ ಚೀಟಿ ಪಡೆದದ್ದು ಯಾವಾಗ, ಡಾಕ್ಟರಿಗೆ ಕಾದದ್ದು ಎಷ್ಟು ಹೊತ್ತು?

“ಕಾದದ್ದು ಹತ್ತೇ ನಿಮಿಷ ಅಂತ ಬರಿ. ಇಲ್ಲದಿದ್ದರೆ ಶವಾಗಾರದ ಡ್ಯೂಟಿಗೆ ಹಾಕ್ತೀನಿ,” ಎಂದು ಡಾಕ್ಟರು ಚೀಟಿ ಬರೆಯುವ ಸಾಕಮ್ಮನನ್ನು ಗದರಿದರು.

ಸಾಕಮ್ಮ ಹಾಗೇ ಬರೆದು ಕಳಿಸಿದಳು.

ವಾರದಲ್ಲಿ ಜಿಲ್ಲಾ ಅಧಿಕಾರಿಯ ಫೋನು ಬಂತು. “ಎಂಟೂ ಹತ್ತಕ್ಕೇ ರೋಗಿಗಳನ್ನ ನೋಡ್ತೀರಂತೆ, ಭೇಷ್. ನಾಳೆ ನಾನೇ ಬಂದು ನೋಡ್ತೀನಿ.”

ಡಾಕ್ಟರು ಸಾಕಮ್ಮನನ್ನು ಕರೆಸಿದರು. “ಏನಮ್ಮಾ ಬರೆದೆ?”

“ಕಾದದ್ದು ನೀವು ಹೇಳಿದಂಗೇ ಬರೆದೆ ಸಾರ್. ಚೀಟಿ ಕೊಟ್ಟ ಹೊತ್ತಿನ ಬಗ್ಗೆ ನೀವೇನೂ ಹೇಳಿರಲಿಲ್ಲ. ಅದನ್ನ ಇದ್ದಂಗೇ, ಎಂಟು ಗಂಟೆ ಅಂತ ಬರೆದೆ.”

ಮರುದಿನ ಸಾಕಮ್ಮ ಬೀಗದ ಕೈ ಹಿಡಿದು ಬಂದಾಗ, ಹೊರಗಿನ ಬೆಂಚಿನಲ್ಲಿ ರೋಗಿಗಳ ನಡುವೆ ಡಾಕ್ಟರು ಮುದುಡಿಕೊಂಡು ಕೂತಿದ್ದರು.

“ಎಷ್ಟು ಹೊತ್ತಮ್ಮಾ ಕಾಯೋದು?”

“ಹತ್ತೇ ನಿಮಿಷ ಸಾರ್,” ಅಂದಳು ಸಾಕಮ್ಮ.